ಆನೆಗೆ ಹಕಾರ ಸೇರಿಸಿದ ಹುಡುಗಿ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಬಿಎಎಸ್‌ಎಲ್‌ಪಿ ಎರಡನೇ ವರ್ಷದ ಹುಡುಗಿ, ವಯಸ್ಸು 19. ವಾಕ್ ಮತ್ತು ಶ್ರವಣ ಚಿಕಿತ್ಸೆಯ ಪದವಿ ಅದು. ಊರು ಮಂಡ್ಯ ಕಡೆಯ ಒಂದು ಹಳ್ಳಿ. ಹನ್ನೊಂದು ದಿನದಿಂದ ಕ್ಲಿನಿಕ್ ಪೋಸ್ಟಿಂಗ್‌ಗೆ, ಅಂದರೆ ಚಿಕಿತ್ಸೆಗೆ ಬಂದವರ ಜೊತೆ ಕೆಲಸ ಮಾಡಿ ಕಲಿಯುವ ಪಾಳಿಗೆ, ಹೋಗಿರಲಿಲ್ಲ. ರೂಂಮೇಟ್ ಕೈ ಹಿಡಿದು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕರೆದುಕೊಂಡು ಬಂದಳು.

"ಕೋರ್ಸ್ ಬಿಡಬೇಕು ಅಂತಿದೀನಿ ಮೇಡಂ" ಅಂದಳು. ತುಂಬಾ ನಿಧಾನದ ಮಾತು. ಹಾಸ್ಟೆಲ್ ಅನ್ನದೆ "ನಾವಿರೋ ರೂಮು" ಅಂದಳು. "ಹೇಳಿದರು" ಅನ್ನಬೇಕಾದ ಕಡೆ "ತಿಳಿಸಿದರು" ಅಂದಳು. ಅರ್ಧ ಗಂಟೆ ಕಳೆದ ಮೇಲೆ ನನಗೆ ಹೊಳೆಯಿತು. ಹ ಇರುವ ಪದ ಬಂದಾಗಲೆಲ್ಲ ಅದನ್ನು ತಪ್ಪಿಸಿ ಬೇರೆ ಪದ ಹುಡುಕುತ್ತಿದ್ದಳು.

ಆದದ್ದು ಇಷ್ಟು. ಅವಳಿಗೆ ನಾಲ್ಕೂವರೆ ವರ್ಷದ ಒಬ್ಬ ಹುಡುಗನನ್ನು ಕೊಟ್ಟಿದ್ದರು. ಅವನು ಕ ಬದಲು ತ ಅನ್ನುತ್ತಿದ್ದ. ಕೋತಿ ಅವನ ಬಾಯಲ್ಲಿ ತೋತಿ. ಐಸ್‌ಕ್ರೀಂ ಕಡ್ಡಿಯಂಥ ಚಪ್ಪಟೆ ಕಡ್ಡಿಯಿಂದ ಅವನ ನಾಲಿಗೆಯ ತುದಿ ಒತ್ತಿ ಹಿಡಿದು, ಕನ್ನಡಿ ಮುಂದೆ ಕೂರಿಸಿ, ನಾಲ್ಕನೇ ವಾರಕ್ಕೆ ಅವನಿಂದ "ಕಾ" ಹೊರಡಿಸಿದ್ದಳು. ಕೆಲಸ ಚೆನ್ನಾಗೇ ನಡೆದಿತ್ತು. ಒಂದು ದಿನ ಚಿತ್ರದ ಕಾರ್ಡು ತೆಗೆದು "ಹಾನೆ" ಅಂದಳು. ಹುಡುಗನೂ "ಹಾನೆ" ಅಂದ. ಪಕ್ಕದಲ್ಲಿದ್ದ ತಾಯಿ, "ಮೇಡಂ, ಅವನು ಆನೆ ಅಂತ ಸರಿಯಾಗೇ ಹೇಳ್ತಿದ್ದ" ಅಂದರು. ಗಾಜಿನ ಆಚೆ ನಿಂತು ನೋಡುತ್ತಿದ್ದ ಸಹಪಾಠಿಗಳು ನಕ್ಕರು. ಅವತ್ತಿನಿಂದ ಅವಳಿಗೆ ಹಾನೆ ಅನ್ನೋದೇ ಅಡ್ಡಹೆಸರಾಯಿತು.

ಅವಳ ಮನೆಯಲ್ಲಿ ಹಾಲು ಆಲು, ಹಸು ಅಸು, ಹಲ್ಲು ಅಲ್ಲು. ಕಾಲೇಜಿಗೆ ಬಂದ ಮೇಲೆ ಯಾರಾದರೂ ಆಡಿಕೊಂಡಾರು ಅಂತ ಎಲ್ಲ ಕಡೆ ಹ ಸೇರಿಸಲು ಶುರು ಮಾಡಿದ್ದಳು. ಹೆದರಿಕೆಯಲ್ಲಿ ಬೇಡದ ಕಡೆಯೂ ಹ ಬಂದುಬಿಡುತ್ತಿತ್ತು. ಅಕ್ಕಿ ಹಕ್ಕಿಯಾಗುತ್ತಿತ್ತು, ಆನೆ ಹಾನೆಯಾಗುತ್ತಿತ್ತು. ಆನೆಯಲ್ಲಿ ಹ ಇಲ್ಲ ಅಂತ ಅವಳ ಊರಿನ ಮಾತಿಗೆ ಗೊತ್ತು. ಹೆದರಿಕೆಗೆ ಗೊತ್ತಿರಲಿಲ್ಲ.

ಮೊದಲ ದಿನ ನಾನು ಒಂದೇ ಪ್ರಶ್ನೆ ಕೇಳಿದೆ. "ಒಂದು ಪದ ಬಾಯಿಗೆ ಬರೋ ಮೊದಲೇ ಹೆದರಿ, ಬೇರೆ ಪದ ಹಾಕಿ ಮಾತಾಡೋದನ್ನ ನಿಮ್ಮ ಪಾಠದಲ್ಲಿ ಎಲ್ಲಿ ಓದಿದ್ದೀಯ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಉಗ್ಗೋರು ಮಾಡ್ತಾರೆ ಮೇಡಂ" ಅಂದಳು. ಆಮೇಲೆ ಅತ್ತಳು. ಅಳಲು ಬಿಟ್ಟೆ.

ಎರಡನೇ ಸಲ ಬಂದಾಗ ಆಕೆಯ ಒಪ್ಪಿಗೆ ಪಡೆದು ಭಾಷಾಶಾಸ್ತ್ರ ಹೇಳಿಕೊಡುವ ಮೇಷ್ಟ್ರನ್ನೂ ಕರೆದೆ. ನಾನು ಆಪ್ತಸಲಹೆಗಾರ್ತಿ, ಉಚ್ಚಾರಣೆ ನನ್ನ ವಿಷಯ ಅಲ್ಲ. ಅವರು ಬೋರ್ಡಿನ ಮೇಲೆ ಪಾಲ್, ಹಾಲು, ಆಲು ಅಂತ ಸಾಲಾಗಿ ಬರೆದರು. ಪಂಪನ ಕಾಲದಲ್ಲಿ ಹಾಲಿಗೆ ಪಾಲ್, ಹಾವಿಗೆ ಪಾವು ಅಂತಲೇ ಇತ್ತು. ಆಮೇಲೆ ಪ ಹೋಗಿ ಹ ಬಂತು. "ಅದೇ ದಾರೀಲಿ ನಿಮ್ಮೂರು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ ಕಣಮ್ಮ, ಅಷ್ಟೇ" ಅಂದರು. ಅವಳು ಆ ಮೂರು ಪದಗಳನ್ನು ಫೋನಿನಲ್ಲಿ ಫೋಟೋ ಹೊಡೆದುಕೊಂಡಳು.

ಊರಿನ ಮಾತೇ ಬೇರೆ, ಮಾತಿನ ದೋಷವೇ ಬೇರೆ. ಅವಳ ಓದಿನ ಬುನಾದಿಯೇ ಇದು. ಪರೀಕ್ಷೆಯಲ್ಲಿ ಬರೆದಿದ್ದಾಳೆ, ಅಂಕವೂ ಬಂದಿದೆ. ಆದರೆ ತನಗೇ ಅದು ಅನ್ವಯಿಸುತ್ತೆ ಅಂತ ಅನಿಸಿರಲಿಲ್ಲ. ನಕ್ಕ ಮಕ್ಕಳ ಮೇಲೆ ನನಗೆ ಸಿಟ್ಟಿದೆ. ನಾಳೆ ಮಳವಳ್ಳಿಯ ಒಂದು ಮಗು ಹಾವಿಗೆ "ಆವು" ಅಂದರೆ ಇವರು ಅದನ್ನು ತಪ್ಪು ಅಂತ ಗುರುತು ಹಾಕುತ್ತಾರಲ್ವಾ? ಇಲ್ಲದ ರೋಗಕ್ಕೆ ಆ ಮನೆಯವರು ತಿಂಗಳುಗಟ್ಟಲೆ ಬಸ್ ಹತ್ತಿ ಓಡಾಡಬೇಕು.

ತಾಯಿ ಕೇಳಿದ್ದು ಮಾತ್ರ ತಪ್ಪಲ್ಲ. ಇದನ್ನು ಅವಳಿಗೆ ನೇರವಾಗಿಯೇ ಹೇಳಿದೆ. ಕಲಿಯುತ್ತಿರುವ ಮಗುವಿಗೆ ಅದರ ಮನೆಯ ಮಾತೇ ಕಿವಿಗೆ ಬೀಳಬೇಕು. ಆ ಮನೆಯಲ್ಲಿ ಹ ಇದೆ. ಹಾಗಾಗಿ ಅಲ್ಲಿ ಕೂತಾಗ ನಿನ್ನ ಬಾಯಲ್ಲೂ ಅದು ಸರಿಯಾಗಿ ಬರಬೇಕು ಅಂದೆ.

ಮೇಷ್ಟ್ರ ಜೊತೆ ಕೂತು ಒಂದು ಅಭ್ಯಾಸ ಗೊತ್ತು ಮಾಡಿದೆವು. ಅಕ್ಕಿ-ಹಕ್ಕಿ, ಆಡು-ಹಾಡು, ಉಳಿ-ಹುಳಿ, ಇಂಥ ಜೋಡಿಗಳು. ಮೊದಲ ವಾರ ಹೇಳೋದು ಬೇಡ, ಬರೀ ಕೇಳಿ ಯಾವುದು ಅಂತ ಬೆರಳು ತೋರಿಸೋದು. ಎರಡನೇ ವಾರದಿಂದ ದಿನಕ್ಕೆ ಹತ್ತು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಾನೇ ಕೇಳೋದು. ಹ ಹೊರಡಿಸುವ ತೊಂದರೆ ಅವಳಿಗೆ ಇಲ್ಲವೇ ಇಲ್ಲ, ನಗುವಾಗ ಎಲ್ಲರ ಹಾಗೆ ಹಹ್ಹಹ್ಹಾ ಅಂತಲೇ ನಗುತ್ತಾಳೆ. ಎಲ್ಲಿ ಬೇಕು, ಎಲ್ಲಿ ಬೇಡ ಅನ್ನೋದಷ್ಟೇ ಗಟ್ಟಿಯಾಗಬೇಕಿತ್ತು. ಒಂದು ಕಟ್ಟುನಿಟ್ಟು ಹಾಕಿದೆ. ಅಮ್ಮನ ಜೊತೆ ಫೋನಿನಲ್ಲಿ, ಊರಿನಲ್ಲಿ, ನನ್ನ ಕೋಣೆಯಲ್ಲಿ ಮನೆಮಾತೇ ಆಡಬೇಕು.

ಕ್ಲಿನಿಕ್ ಗಂಟೆಗಳ ಲೆಕ್ಕ ಬೇರೆ ಇತ್ತು. ಅದು ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಸೂಪರ್‌ವೈಸರ್‌ಗೆ ನಡೆದದ್ದನ್ನು ನಡೆದ ಹಾಗೇ ಬರೆದುಕೊಡು, ಹುಷಾರಿರಲಿಲ್ಲ ಅಂತ ಸುಳ್ಳು ಬರೆಯಬೇಡ ಅಂದೆ. ಎರಡು ಸಲ ಹರಿದು ಹಾಕಿ, ಮೂರನೇ ಸಲ ಬರೆದುಕೊಟ್ಟಳು. ಶನಿವಾರದ ಪಾಳಿ ಕೊಟ್ಟರು. ಅಡ್ಡಹೆಸರಿನ ವಿಷಯವನ್ನೂ ಅವರು ತರಗತಿಯಲ್ಲಿ ಎತ್ತಿ ಮಾತಾಡಿದರು.

ತಂದೆ ಒಂದು ದಿನ ಬಂದರು. "ಮಾತು ಕಲ್ಸೋಕೆ ಡಿಗ್ರಿ ಯಾಕೆ ಮೇಡಂ? ಬಿಡ್ಸಿ ಬೇರೆ ಏನಾದ್ರೂ ಓದಿಸ್ತೀನಿ" ಅಂದರು. ನಾಲ್ಕು ವರ್ಷದ ಕೋರ್ಸು, ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್, ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇಲ್ಲದೆ ಈ ಕೆಲಸ ಮಾಡುವ ಹಾಗಿಲ್ಲ ಅಂತ ವಿವರಿಸಿದೆ. ಅವರು ಮುಖ ಸಪ್ಪಗೆ ಮಾಡಿಕೊಂಡೇ ಕೇಳಿದರು. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನೋಡಿದ್ದೀರಾ, 1965ರಿಂದ ಅಲ್ಲಿ ಇದೇ ಕೆಲಸ ನಡೀತಿದೆ ಅಂದಾಗ ತಲೆ ಎತ್ತಿದರು. "ನಮ್ಮ ಅಕ್ಕನ ಮೊಮ್ಮಗೀಗೆ ಕಿವಿ ಮಿಷನ್ ಅಲ್ಲೇ ಆಕ್ಸಿದ್ದು" ಅಂದರು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಏಳನೇ ವಾರ ಒಬ್ಬ ವಯಸ್ಸಾದ ರೈತರು ಬಂದಿದ್ದರಂತೆ, ಲಕ್ವ ಹೊಡೆದು ಮಾತು ಬಿದ್ದುಹೋದವರು. ಹಸುವಿನ ಚಿತ್ರ ತೋರಿಸಿದರೆ ಬಹಳ ಕಷ್ಟಪಟ್ಟು "ಅಸ... ಅಸ" ಅಂದರು. ಜೊತೆಯ ವಿದ್ಯಾರ್ಥಿ ಹಾಳೆಯಲ್ಲಿ "ಮೊದಲ ಅಕ್ಷರ ಬರುತ್ತಿಲ್ಲ" ಅಂತ ಬರೆಯಲು ಹೊರಟ. ಇವಳು ತಡೆದಳು. ಮುಂದೆ ಬಾಗಿ, "ಅಸಾ ತಾತ? ಎಷ್ಟವೆ ಮನೇಲಿ ಅಸ?" ಅಂತ ಕೇಳಿದಳು. ಅವರು ಎರಡು ಬೆರಳು ಎತ್ತಿದರು. ಆಮೇಲೆ "ಕರ... ಕರಾನೂ" ಅಂದರು.

ಇನ್ನೂ 14 ಗಂಟೆ ಬಾಕಿ ಇದೆ. ಶನಿವಾರಗಳಲ್ಲಿ ತುಂಬಿಸುತ್ತಿದ್ದಾಳೆ. ಆ ಪುಟ್ಟ ಹುಡುಗನನ್ನು ಬೇರೆಯವರಿಗೆ ಕೊಟ್ಟಾಗಿತ್ತು. ತನಗೇ ವಾಪಸ್ ಕೊಡಿ ಅಂತ ಹೋದ ವಾರ ಕೇಳಿದ್ದಾಳೆ. ತಾಯಿ ಒಪ್ಪಿದ್ದಾರೆ.