ಪೈಲಟ್ ಅಷ್ಟು ಆರಾಮಾಗಿ ಹೆಂಗೆ ಮಾತಾಡ್ದ?

ಪ್ರಶ್ನೆ: ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋಗಿದ್ದೆ ಸರ್. ಒಂದಿನ ಮಧ್ಯಾಹ್ನ ಶಿಕಾಗೋದಿಂದ ಡೆನ್ವರ್‌ಗೆ ಫ್ಲೈಟು, ಕೊನೆ ಮುಕ್ಕಾಲು ಗಂಟೆ ಕುಲುಕಾಟ ಅಂದ್ರೆ ಕುಲುಕಾಟ, ಪಕ್ಕದವ್ರ ಕಾಫಿ ನನ್ ಸೀರೆ ಮೇಲೆ. ಇನ್ನೇನು ಇಳಿದ್ವಿ, ಕೆಳಗೆ ಹುಲ್ಲು ಕಾಣ್ತಿದೆ, ಅಷ್ಟರಲ್ಲಿ ಎಂಜಿನ್ ಭೋರ್ ಅಂತು, ವಿಮಾನ ಮತ್ತೆ ಮೇಲಕ್ಕೆ. ರಾಯರನ್ನ ನೆನೆಸ್ಕೊಂಡು ಕಣ್ಣು ಮುಚ್ಕೊಂಡೆ. ಆಮೇಲೆ ನಮ್ಮ ಅಳಿಯ, ಪೈಲಟ್‌ಗಳೂ ಕೆಳಗಿನ ಕಂಟ್ರೋಲರ್‌ಗಳೂ ರೇಡಿಯೊದಲ್ಲಿ ಆಡೋ ಮಾತು ಕೇಳಿಸೋ ಲೈವ್‌ಎಟಿಸಿ ಅನ್ನೋ ಸೈಟಲ್ಲಿ ಆ ಹೊತ್ತಿನ ರೆಕಾರ್ಡಿಂಗ್ ಹುಡುಕಿ ಕೇಳಿಸಿದ್ರು. ನಮ್ಮ ಪೈಲಟ್ ಹೇಳಿದ್ದು 'ಗೋಯಿಂಗ್ ಅರೌಂಡ್, ವಿಂಡ್ ಶಿಯರ್' (ಇಳಿಯಲ್ಲ, ಮತ್ತೆ ಮೇಲಕ್ಕೆ ಹೋಗ್ತಿದೀನಿ, ಗಾಳಿ ದಿಢೀರ್ ಬದಲಾಗ್ತಿದೆ) ಅಂತ ಅಷ್ಟೇ, ಅದೂ ತರಕಾರಿ ರೇಟ್ ಹೇಳೋ ಥರ. ಆಮೇಲೆ ಸುಮಾರು ಹೊತ್ತು ಅವನ ಸುದ್ದೀನೇ ಇಲ್ಲ. ಅವನಿಗೆ ಭಯ ಆಗ್ಲಿಲ್ವಾ, ಇಲ್ಲ ಏನಾದ್ರೂ ಮುಚ್ಚಿಟ್ರಾ? ಇದನ್ನ ನಮ್ಮೂರಲ್ಲೂ ಕೇಳ್ಬಹುದಾ?
– ಓದುಗರು, ಹಾಸನ

ಉತ್ತರ: ಮೊದ್ಲು ಸೀರೆ ಕಲೆ ಹೋಯ್ತಾ ಹೇಳಿಮ್ಮಾ.

ಮುಚ್ಚಿಟ್ಟಿದ್ದೇನೂ ಇಲ್ಲ. ಸುದ್ದೀನೇ ಇಲ್ಲ ಅಂದ್ರಲ್ಲ, ಕೆಲಸ ನಡೀತಿದ್ದಿದ್ದೇ ಆಗ. ಪೈಲಟ್‌ಗಳಿಗೆ ಮೊದಲಿಂದ ತಲೆಗೆ ತುಂಬೋದು ಒಂದೇ ಕ್ರಮ: ಮೊದ್ಲು ವಿಮಾನ ಹಾರಿಸು, ಆಮೇಲೆ ಯಾವ ಕಡೆ ಅಂತ ನೋಡ್ಕೋ, ಮಾತು ಕೊನೆಗೆ. ಎಂಜಿನ್ ಪೂರ್ತಿ ಏರಿಸ್ಬೇಕು, ಮೂತಿ ಎತ್ತಬೇಕು, ಮೇಲಕ್ಕೆ ಏರ್ತಿದೆ, ಆ ಕೆಟ್ಟ ಗಾಳಿ ದಾಟಿದ್ವಿ ಅಂತ ಖಾತ್ರಿ ಆದ್ಮೇಲೆ ಚಕ್ರ ಒಳಗೆ ಎಳ್ಕೋಬೇಕು, ಇದನ್ನೆಲ್ಲ ಇಬ್ರೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳ್ಕೊಂಡೇ ಮಾಡ್ತಾರೆ, ಆದ್ರೆ ರೇಡಿಯೊ ಬಟನ್ ಒತ್ತಿದಾಗ ಆಡಿದ ಮಾತು ಮಾತ್ರ ಹೊರಗೆ ಹೋಗೋದು, ಹಾಗಾಗಿ ನಿಮಗೆ ಕೇಳಿಸಿದ್ದು ಆ ಎರಡು ಮಾತಷ್ಟೇ.

ಇನ್ನೊಂದು ಏನಂದ್ರೆ ಅದು ಹತ್ತು ಮನೆಗೆ ಒಂದೇ ನಲ್ಲಿ ಇದ್ದ ಹಾಗೆ. ಒಂದು ಫ್ರೀಕ್ವೆನ್ಸಿಲಿ ಹತ್ತಾರು ವಿಮಾನ, ಒಬ್ಬ ಮಾತಾಡ್ತಿದ್ರೆ ಉಳಿದವ್ರು ಕಾಯ್ಬೇಕು, ಇಬ್ರು ಒಟ್ಟಿಗೆ ಬಟನ್ ಒತ್ತಿದ್ರೆ ಕೀಂಯ್ ಅನ್ನೋ ಸದ್ದು ಬಂದು ಇಬ್ಬರದೂ ಕೆಡುತ್ತೆ. ನಲ್ಲಿ ಹತ್ರ ನಿಂತು ಯಾರು ಹರಟೆ ಹೊಡೀತಾರೆ? ಅಲ್ಲಿ ಚಿಕ್ಕದಾಗಿ ಒಂದೇ ದನಿಲಿ ಹೇಳೋದೇ ಮರ್ಯಾದೆ.

ಭಯ ಆಯ್ತೋ ಇಲ್ವೋ ಅಂತ ದನಿ ಕೇಳಿ ಹೇಳೋಕಾಗಲ್ಲ. 2009ರ ಜನವರಿ 15ಕ್ಕೆ ನ್ಯೂಯಾರ್ಕ್‌ನಲ್ಲಿ ಹಕ್ಕಿ ಬಡಿದು ಎರಡೂ ಎಂಜಿನ್ ಹೋದಾಗ ಕ್ಯಾಪ್ಟನ್ ಸಲ್ಲೆನ್‌ಬರ್ಗರ್‌ಗೆ ಕಂಟ್ರೋಲರ್ ರನ್‌ವೇ ಮೇಲೆ ರನ್‌ವೇ ಕೊಡ್ತಾ ಹೋದ್ರು, ಆಗಲ್ಲ ಅಂದು ಕೊನೆಗೆ ಹಡ್ಸನ್ ನದಿಗೇ ಇಳಿಯೋದು ಅಂದ ದನೀಲೂ ಕೂಗಾಟ ಇಲ್ಲ. 155 ಜನಾನೂ ಬದುಕಿದ್ರು.

ಕುಲುಕಾಟದ ಲೆಕ್ಕಾನೂ ಅಷ್ಟೇ. ಲೈಟ್, ಮಾಡರೇಟ್, ಸಿವಿಯರ್, ಎಕ್ಸ್‌ಟ್ರೀಮ್ ಅಂತ ನಾಲ್ಕೇ ದರ್ಜೆ. ಮಾಡರೇಟ್ ಅಂದ್ರೆ ಏನೋ ಸ್ವಲ್ಪ ಅನ್ಕೋಬೇಡಿ, ಬೆಲ್ಟ್ ಹೊಟ್ಟೆಗೆ ಒತ್ತುತ್ತೆ, ಇಟ್ಟ ಸಾಮಾನು ಜಾರುತ್ತೆ, ನಡೆಯೋದು ಕಷ್ಟ, ಆದ್ರೆ ವಿಮಾನ ಪೈಲಟ್ ಕೈಲೇ ಇರುತ್ತೆ. ನಿಮ್ಮ ಕಾಫಿ ಕಥೆ ಕೇಳಿದ್ರೆ ಬಹುಶಃ ಅಷ್ಟೇ ಅನ್ಸುತ್ತೆ. ಡೆನ್ವರ್ ಪಕ್ಕದಲ್ಲೇ ರಾಕಿ ಬೆಟ್ಟಸಾಲು, ಬೇಸಿಗೆ ಮಧ್ಯಾಹ್ನ ಗುಡುಗಿನ ಮೋಡ ಕಟ್ಟೋದೂ ಅಲ್ಲಿ ಮಾಮೂಲು, ಆ ಮೋಡದಿಂದ ಗಾಳಿ ದಬಕ್ಕನೆ ಕೆಳಗೆ ಬಿದ್ದು ನೆಲದ ಮೇಲೆ ನಾಲ್ಕೂ ದಿಕ್ಕಿಗೆ ಹರಡುತ್ತೆ, ಮೈಕ್ರೋಬರ್ಸ್ಟ್ ಅಂತಾರೆ. ಇಳೀತಿರೋ ವಿಮಾನಕ್ಕೆ ಮೊದ್ಲು ಎದುರುಗಾಳಿ, ಕ್ಷಣದಲ್ಲಿ ಹಿಂದಿನಿಂದ ಗಾಳಿ, ರೆಕ್ಕೆಗೆ ಬೇಕಾದ ವೇಗಾನೇ ಕುಸಿಯುತ್ತೆ. ವಿಂಡ್ ಶಿಯರ್‌ನ ಕೆಟ್ಟ ರೂಪ ಇದೇ. 1985ರಲ್ಲಿ ಡಲ್ಲಾಸ್‌ನಲ್ಲಿ ಒಂದು ದೊಡ್ಡ ವಿಮಾನ ಬಿದ್ದಿದ್ದೂ ಇದರಿಂದಾನೇ. ಈಗ ಟವರ್‌ನವ್ರೇ ಎಷ್ಟು ನಾಟ್ ವೇಗ ಹೋಗುತ್ತೆ, ರನ್‌ವೇಗೆ ಎಷ್ಟು ಮೈಲಿ ಇರುವಾಗ ಅಂತ ಹೇಳ್ತಾರೆ. ನಿಮ್ಮ ಪೈಲಟ್ ವಾಪಸ್ ಎತ್ತಿದ್ದು ಸರಿಯಾಗೇ ಇತ್ತು, ನಾನಾದ್ರೆ ಅವನಿಗೆ ಒಂದು ಲೋಟ ಕಾಫಿ ಕೊಡಿಸ್ತಿದ್ದೆ, ಚೆಲ್ಲದೇ ಇರೋದು.

ನಿಮ್ಮ ಅಳಿಯ ಹುಷಾರು ಬಿಡಿ. ಆ ಸೈಟಲ್ಲಿ ಹಳೇ ರೆಕಾರ್ಡಿಂಗ್ ಅರ್ಧರ್ಧ ಗಂಟೆ ತುಂಡು, ಫೈಲ್ ಹೆಸರಲ್ಲಿರೋ ಟೈಮು ಯುಟಿಸಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆದ ಗಡಿಯಾರ. ಬೇಸಿಗೆಲಿ ಡೆನ್ವರ್ 4:20 ಸಂಜೆ ಅಂದ್ರೆ 22:20 ಅಂತ ಹುಡುಕ್ಬೇಕು, ಹಾಸನದಲ್ಲಿ ಆಗ ಮಾರನೇ ದಿನ ಬೆಳಗಿನ ಜಾವ 3:50. ತುಂಬಾ ಜನ ಇಲ್ಲೇ ಎಡವಿ ಬೇರೆ ಹೊತ್ತಿನ ಮಾತು ಕೇಳ್ಕೊಂಡು ನಮ್ ಫ್ಲೈಟ್ ಇಲ್ವೇ ಇಲ್ಲ ಅಂತಾರೆ. ರನ್‌ವೇ ನೋಡ್ಕೊಳ್ಳೋ ಟವರ್ ಬೇರೆ, ಇಳಿಯೋಕೆ ಬರ್ತಿರೋ ವಿಮಾನಗಳನ್ನ ಸಾಲು ಮಾಡೋ ಅಪ್ರೋಚ್ ಬೇರೆ ಚಾನೆಲ್, ಮೇಲಕ್ಕೆದ್ದ ವಿಮಾನವನ್ನ ಟವರ್ ಮತ್ತೆ ಅಪ್ರೋಚ್‌ಗೆ ದಾಟಿಸುತ್ತೆ. ಮುಂದಿನ ಕಥೆ ಅಲ್ಲಿರುತ್ತೆ, ಕೇಳಿಲ್ಲ ಅಂದ್ರೆ ಕೇಳಿ.

ನಮ್ಮೂರಲ್ಲಿ ಮಾತ್ರ ಬೇಡ. ಅಮೆರಿಕದಲ್ಲಿ ಇದು ತಪ್ಪಲ್ಲ, ಬ್ರಿಟನ್‌ನಲ್ಲಿ ತಪ್ಪು, ನಮ್ಮಲ್ಲೋ 1933ರ ವೈರ್‌ಲೆಸ್ ಕಾಯ್ದೆ ಕಾಲದಿಂದ್ಲೂ ಈ ಮಾತು ಹಿಡಿಯೋ ರೇಡಿಯೊ ಸೆಟ್ಟಿಗೆ ಲೈಸೆನ್ಸ್ ರಗಳೆ. ಮಗಳು ಬರೋ ದಿನ ಫ್ಲೈಟ್‌ರಾಡಾರ್24ರಲ್ಲಿ ವಿಮಾನ ಎಲ್ಲಿದೆ ಅಂತ ನೋಡ್ಕೊಂಡು ಕೂತ್ಕೊಳ್ಳಿ, ಅದಕ್ಕೆ ಯಾರ ತಕರಾರೂ ಇಲ್ಲ. ಹಾಂ, ಲೈವ್‌ಎಟಿಸಿ ಸೈಟಲ್ಲಿ ಹಳೇ ಫೈಲ್ ಬಹಳ ದಿನ ಇಟ್ಟಿರಲ್ಲ, ಬೇಕಿದ್ರೆ ಅಳಿಯಂದ್ರಿಗೆ ಇವತ್ತೇ ಫೋನ್ ಮಾಡಿ ಡೌನ್‌ಲೋಡ್ ಮಾಡಿಡೋಕೆ ಹೇಳಿ.