ಹಿತ್ತಲಲ್ಲಿ ಮಕ್ಕಳ ಆಟದ ಮನೆಗೆ ತಳ ಹೇಗೆ ಹಾಕೋದು? ಕಾಂಕ್ರೀಟೇ ಬೇಕಾ?

ನೀವು ಕೇಳಿರೋದು: 6×4 ಅಡಿಯ ಮರದ ಆಟದ ಮನೆ ತರಿಸ್ತಿದ್ದೀರಿ, ಜಾಗ ತುಮಕೂರಿನ ಹೊಸ ಮನೆಯ ಹಿತ್ತಲು, ಕೆಂಪು ಮಣ್ಣು, ಸ್ವಲ್ಪ ಇಳಿಜಾರು. ಮೇಸ್ತ್ರಿ ನಾಲ್ಕಿಂಚು ಕಾಂಕ್ರೀಟ್ ಹಾಕಿಸಿ ಅಂದಿದ್ದಾರೆ, ಅದು ಬೇಕಾ ಅಂತ.

ಬೇಡ. ಕಾಂಕ್ರೀಟ್ ತಪ್ಪೇನಲ್ಲ, ಆದರೆ ಅದು ನಿಮ್ಮ ತೊಂದರೆಗೆ ಮದ್ದಲ್ಲ. ಇಷ್ಟು ಚಿಕ್ಕ ಮನೆ, ಒಳಗೆ ನಾಲ್ಕು ಮಕ್ಕಳು ಕುಣಿದರೂ, ಒಂದು ಕಾರಿನಷ್ಟು ಭಾರವೂ ಆಗೋದಿಲ್ಲ. ಇಲ್ಲಿ ತಳ ಇರೋದು ಭಾರ ಹೊರೋದಕ್ಕಲ್ಲ, ಮರವನ್ನು ನೀರು ಮತ್ತು ಗೆದ್ದಲಿನಿಂದ ದೂರ ಇಡೋದಕ್ಕೆ. ಕಾಂಕ್ರೀಟಿನ ಮೇಲೆ ಮರ ನೇರ ಕೂತರೆ ಅಡಿಯಲ್ಲಿ ಗಾಳಿ ಆಡೋದಿಲ್ಲ. ಮಳೆನೀರು ಅಂಚಿನಿಂದ ನುಗ್ಗಿ ಅಲ್ಲೇ ಉಳಿಯುತ್ತೆ, ಮೂರನೇ ಮಳೆಗಾಲಕ್ಕೆ ತಳದ ಹಲಗೆ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತೆ. ಮಕ್ಕಳು ದೊಡ್ಡವರಾದ ಮೇಲೆ ಆ ಚಪ್ಪಡಿ ಒಡೆಸೋಕೆ ಬೇರೆ ಕೂಲಿ. ನನ್ನ ಆಯ್ಕೆ ಜಲ್ಲಿ ಹಾಸು, ಅದರ ಮೇಲೆ ಗಾರೆಯಿಲ್ಲದೆ ಇಟ್ಟ ಸಾಲಿಡ್ ಕಾಂಕ್ರೀಟ್ ಬ್ಲಾಕ್, ಅದರ ಮೇಲೆ ತೊಲೆ, ತೊಲೆಯ ಮೇಲೆ ಮನೆ.

ಮೊದಲು ಜಾಗ. ಹೊಸ ಮನೆ ಅಂದಿರಲ್ಲ, ಗೋಡೆಗೆ ಅಂಟಿದ ಎರಡು ಮೂರು ಅಡಿ ಮಣ್ಣು ಪಾಯ ತೋಡಿದ ಮೇಲೆ ಮತ್ತೆ ತುಂಬಿದ್ದು. ಯಾರೂ ಅದನ್ನು ಸರಿಯಾಗಿ ದಿಮ್ಮಸು ಹೊಡೆದಿರೋದಿಲ್ಲ. ಮೊದಲ ಮಳೆಗೇ ಅದು ಇಳಿಯುತ್ತೆ, ಅರ್ಧ ಅಲ್ಲಿ ಅರ್ಧ ಗಟ್ಟಿ ನೆಲದಲ್ಲಿ ಕೂತ ತಳ ವಾಲುತ್ತೆ. ಹಾಗಾಗಿ ಗೋಡೆಯಿಂದ ನಾಲ್ಕಡಿ ಆಚೆ ಬನ್ನಿ. ಸಂಪು, ಚೇಂಬರ್, ಇಂಗುಗುಂಡಿ, ಅರ್ಥಿಂಗ್ ಗುಂಡಿ ಇವುಗಳ ಮೇಲೆ ಬೇಡ. ಸೆಪ್ಟಿಕ್ ಟ್ಯಾಂಕಿನ ಚಪ್ಪಡಿ ಸಮತಟ್ಟಾಗಿದೆ ಅಂತ ಅದರ ಮೇಲೆ ಇಡೋರೂ ಇದ್ದಾರೆ, ದಯವಿಟ್ಟು ಬೇಡ. ತೆಂಗಿನ ಮರ ಇದ್ದರೆ ಕಾಯಿ, ಗರಿ ಎರಡೂ ಬೀಳದಷ್ಟು ದೂರ ಇರಲಿ.

ಅಳತೆ 8×6 ಅಡಿ ಹಾಕಿ, ಅಂದರೆ ಮನೆಯ ಸುತ್ತ ಒಂದೊಂದು ಅಡಿ ಜಲ್ಲಿ ಹೆಚ್ಚು. ಸೂರಿನಿಂದ ಬಿದ್ದ ನೀರು ಮಣ್ಣಿಗೆ ಬಡಿದು ಗೋಡೆಗೆ ಕೆಸರು ಹಾರಬಾರದಲ್ಲ, ಅದಕ್ಕೆ. ಈ ಅಳತೆಯಲ್ಲಿ ಇನ್ನೊಂದು ಅನುಕೂಲ ಇದೆ: ಮೂಲೆಯಿಂದ ಮೂಲೆಗೆ ಸರಿಯಾಗಿ 10 ಅಡಿ ಬರಬೇಕು. ನಾಲ್ಕು ಗೂಟ ಹೊಡೆದು ದಾರ ಕಟ್ಟಿ, ಎರಡೂ ಕರ್ಣ 10 ಅಡಿ ಬಂದರೆ ಮೂಲೆಮಟ್ಟ ಬೇಕಿಲ್ಲ.

ಸಾಮಾನು ಇಷ್ಟು: 20 ಎಂಎಂ ಜಲ್ಲಿ 24 ಘನ ಅಡಿ, ಕ್ರಷರ್ ಡಸ್ಟ್ (ಕಲ್ಲುಪುಡಿ) ಎರಡು ಚೀಲ, 16×8×4 ಇಂಚಿನ ಸಾಲಿಡ್ ಬ್ಲಾಕ್ 34, ನೀರು ಬಿಟ್ಟು ಮಣ್ಣು ತಡೆಯೋ, ನೆಲಕ್ಕೆ ಹಾಸೋ ಜಿಯೋಟೆಕ್ಸ್‌ಟೈಲ್ ಬಟ್ಟೆ, ತೊಲೆಗೆ 50×50 ಎಂಎಂ ಜಿಐ (ಸತು ಲೇಪಿಸಿದ ಕಬ್ಬಿಣದ) ಚೌಕ ಪೈಪು ಒಂದು ಉದ್ದ, ಕಾಲು ಇಂಚು ಕಣ್ಣಿನ ಜಿಐ ಜಾಲರಿ. ಜಲ್ಲಿಯನ್ನು ಲೋಡ್ ಲೆಕ್ಕದಲ್ಲಿ ತರಿಸಬೇಡಿ. ಖಾಲಿ ಸಿಮೆಂಟ್ ಚೀಲಕ್ಕೆ ಸುಮಾರು 1.25 ಘನ ಅಡಿ ಹಿಡಿಯುತ್ತೆ, ಹತ್ತೊಂಬತ್ತು ಇಪ್ಪತ್ತು ಚೀಲ ತುಂಬಿಸಿಕೊಂಡರೆ ಆಯ್ತು. ಜಲ್ಲಿ ಒಟ್ಟು ಸುಮಾರು ಒಂದು ಟನ್, ಸಣ್ಣ ಲಗೇಜ್ ಗಾಡಿ ಸಾಕು.

ಗುದ್ದಲಿಯಲ್ಲಿ ನಾಲ್ಕಿಂಚು ಅಗೆಯಿರಿ. ಬೇರು, ಹುಲ್ಲು, ಹಳೇ ಸೆಂಟ್ರಿಂಗ್ ಹಲಗೆಯ ಚೂರು ಒಂದನ್ನೂ ಬಿಡಬೇಡಿ. ಹೊಸ ಮನೆಗಳ ಹಿತ್ತಲಲ್ಲಿ ಹೂತುಹೋದ ಈ ಮರದ ಚೂರುಗಳೇ ಗೆದ್ದಲಿಗೆ ತವರು. ಗುಂಡಿಯ ತಳ ಸಮ ಇರಬಾರದು, ಇಳಿಜಾರಿನ ಕಡೆಗೆ ಒಂದಿಂಚು ವಾಟ ಇರಲಿ. ಆ ಕಡೆಯ ತಗ್ಗಿನ ಮೂಲೆಯಿಂದ ಎರಡಿಂಚಿನ ಪಿವಿಸಿ ಪೈಪು ಹೊರಗೆ ಬಿಡಿ. ಇದನ್ನು ಬಿಟ್ಟರೆ ಆಗೋದು ಏನು? ಜೇಡಿ ಬೆರೆತ ಕೆಂಪು ಮಣ್ಣಲ್ಲಿ ತೋಡಿದ ಗುಂಡಿ ತೊಟ್ಟಿಯಾಗುತ್ತೆ, ಜಲ್ಲಿಯ ಕೆಳಗೆ ನೀರು ನಿಂತು ಸೊಳ್ಳೆ ಸಾಕಿದಂತೆ. ಇನ್ನು ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸಿ ದಿಮ್ಮಸು ಹೊಡೆಯಿರಿ. ಹಿಮ್ಮಡಿಯಿಂದ ಜೋರಾಗಿ ಒದ್ದರೂ ಗುರುತು ಬೀಳದಿದ್ದರೆ ಸಾಕು.

ಬಟ್ಟೆ ಹಾಸೋದನ್ನು ಬಹಳ ಜನ ಬಿಡ್ತಾರೆ. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಕೆಸರು ಮೇಲೆ, ಜಲ್ಲಿ ಕೆಳಗೆ. ಎರಡೇ ವರ್ಷಕ್ಕೆ ಹಾಸು ಮಣ್ಣಾಗಿಹೋಗುತ್ತೆ. ಜಿಯೋಟೆಕ್ಸ್‌ಟೈಲ್ ಸಿಗದಿದ್ದರೆ ನೇಯ್ದ ಪ್ಲಾಸ್ಟಿಕ್ ಸಿಮೆಂಟ್ ಚೀಲ ಬಿಚ್ಚಿ, ಒಂದರ ಮೇಲೊಂದು ಒಂದಡಿ ಬರುವಂತೆ ಹಾಸಿ, ಇಷ್ಟು ಕೆಲಸಕ್ಕೆ ನಡೆಯುತ್ತೆ. ನೀರು ಇಳಿಯದ ಟಾರ್ಪಾಲ್ ಮಾತ್ರ ಬೇಡವೇ ಬೇಡ.

ಅಂಚಿಗೆ ಬ್ಲಾಕುಗಳನ್ನು ದಾರದ ಹೊರಗೆ ಅಡ್ಡಲಾಗಿ ನಿಲ್ಲಿಸಿ, ಎಂಟಿಂಚು ಎತ್ತರದಲ್ಲಿ ಆರೂವರೆ ಇಂಚು ಮಣ್ಣೊಳಗೆ. ಸುತ್ತಳತೆ 28 ಅಡಿಗೆ ಮೂಲೆ ಸೇರಿ 22 ಬ್ಲಾಕ್ ಹಿಡಿಯುತ್ತೆ. ಗಾರೆ ಹಾಕಬೇಡಿ, ಸಂದಿಯಲ್ಲಿ ನೀರು ಹೋಗಲಿ. ಜಲ್ಲಿಯನ್ನು ಎರಡು ವರಸೆಯಲ್ಲಿ, ಎರಡೂವರೆ ಇಂಚು ಒಂದೊಂದು ಸಲ, ಹರಡಿ ಹೊಡೆಯಿರಿ. ಐದೂ ಇಂಚು ಒಟ್ಟಿಗೆ ಸುರಿದು ಹೊಡೆದರೆ ಮೇಲೆ ಮಾತ್ರ ಬಿಗಿಯಾಗಿ ಒಳಗೆ ಸಡಿಲ ಉಳಿಯುತ್ತೆ. ಹಾಸು ಅಕ್ಕಪಕ್ಕದ ನೆಲಕ್ಕಿಂತ ಒಂದಿಂಚು ಮೇಲೆ ನಿಲ್ಲಬೇಕು.

ಈಗ ಒಂಬತ್ತು ಬ್ಲಾಕ್, ಮೂರು ಸಾಲು, ಸಾಲಿಗೆ ಮೂರು. ಉದ್ದದ ಎರಡು ತುದಿಗೆ ಮತ್ತು ನಡುವೆ. ಪ್ರತಿಯೊಂದರ ಕೆಳಗೆ ಒಂದಿಂಚು ಕ್ರಷರ್ ಡಸ್ಟ್, ಮಟ್ಟ ಸರಿಮಾಡೋದೆಲ್ಲ ಈ ಡಸ್ಟಿನಲ್ಲೇ. ಬ್ಲಾಕಿನ ಹೊರ ಅಂಚು ಮನೆಯ ಗೋಡೆಗಿಂತ ಅರ್ಧ ಇಂಚು ಒಳಗಿರಲಿ. ಹೊರಗೆ ಚಾಚಿದರೆ ಗೋಡೆಯಿಂದ ಇಳಿದ ನೀರು ಬ್ಲಾಕಿನ ಮೇಲೆ ಬಿದ್ದು ಮರಕ್ಕೆ ಸಿಡಿಯುತ್ತೆ.

ಮಟ್ಟ ನೋಡೋಕೆ ರಸಮಟ್ಟ ಒಂದೇ ಸಾಲದು, ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ತಗೊಳ್ಳಿ. ಎಲ್ಲರೂ ಎಡವೋದು ಇಲ್ಲೇ. ಪೈಪಿನೊಳಗೆ ಎಲ್ಲೋ ಸುರುಳಿಯ ಮಧ್ಯೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸೇರಿಕೊಂಡು ಒಂದಾದರೆ ಅರ್ಧ ಇಂಚು ಸುಳ್ಳು ಹೇಳುತ್ತೆ. ಕೆಲಸಕ್ಕೆ ಮುಂಚೆ ಎರಡೂ ತುದಿ ಪಕ್ಕಪಕ್ಕ ಹಿಡಿದು ನೋಡಿ, ನೀರು ಒಂದೇ ಗೆರೆಯಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಪೈಪನ್ನು ಬೆರಳಿಂದ ತಟ್ಟುತ್ತಾ ಗುಳ್ಳೆ ಹೊರಗೆ ಓಡಿಸಿ. ಪೈಪಿನ ಬಾಯಿ ಮುಚ್ಚಿದ ಹೆಬ್ಬೆರಳನ್ನು ಎರಡೂ ಕಡೆಯವರು ಒಟ್ಟಿಗೆ ತೆಗೆಯಬೇಕು. ಎತ್ತರದ ಬ್ಲಾಕನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಿಕ್ಕವನ್ನು ಅದಕ್ಕೆ ತನ್ನಿ. ಕಲ್ಲಿನ ಚಕ್ಕೆ ತುರುಕಿ ಎತ್ತರಿಸಬೇಡಿ, ಮಕ್ಕಳ ಕುಣಿತಕ್ಕೆ ಅದು ಜಾರುತ್ತೆ.

ಬ್ಲಾಕಿನ ಒಂದೊಂದು ಸಾಲಿನ ಮೇಲೆ ಒಂದರಂತೆ ಕೂರುವ ತೊಲೆಗೆ ಮರದ ಬದಲು ಚೌಕ ಪೈಪು ಹೇಳಿದ್ದು ಯಾಕೆಂದರೆ, ಸಿಲ್ವರ್ ಓಕ್ ಆಗಲಿ ಪೈನ್ ಆಗಲಿ ನೆಲದ ಹತ್ತಿರ ಗೆದ್ದಲಿಗೆ ಹಬ್ಬದೂಟ. ಪೈಪು ಬರೋದು ಸುಮಾರು 20 ಅಡಿ ಉದ್ದ, ಆರಾರು ಅಡಿಯ ಮೂರು ತುಂಡು ಸರಿಯಾಗಿ ಸಿಗುತ್ತೆ. ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತೆ. ಪೈಪಿಗೂ ಮನೆಯ ತಳಕ್ಕೂ ನಡುವೆ ಹಳೇ ಲಾರಿ ಟ್ಯೂಬಿನ ಪಟ್ಟಿ ಇಡಿ. ತಳದ ಹಲಗೆ ಬೇರೆ ಹಾಕಿಸೋದಾದರೆ ಐಎಸ್ 710 ಗುರುತಿನ 18 ಎಂಎಂ ಮರೈನ್ ಪ್ಲೈ ಕೇಳಿ, ಕತ್ತರಿಸಿದ ಅಂಚಿಗೂ ಬಣ್ಣ ಹಚ್ಚಿಸಿ.

ಗೆದ್ದಲು ಔಷಧಿ ಹೊಡೆಸಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತೆ. ಮಕ್ಕಳು ಮಣ್ಣಲ್ಲಿ ಕೈಯಾಡಿಸೋ ಜಾಗದಲ್ಲಿ ನಾನು ಹೊಡೆಸೋದಿಲ್ಲ. ಗೆದ್ದಲು ಬ್ಲಾಕ್ ಹತ್ತಬೇಕಾದರೆ ಪೆನ್ಸಿಲ್ ದಪ್ಪದ ಮಣ್ಣಿನ ಸಾಲು ಕಟ್ಟಿಕೊಂಡೇ ಹತ್ತಬೇಕು. ಕೆಳಗೆ ಖಾಲಿ ಬಿಟ್ಟಿರೋದರಿಂದ ಟಾರ್ಚ್ ಹಿಡಿದರೆ ಕಾಣುತ್ತೆ. ತಿಂಗಳಿಗೊಮ್ಮೆ ನೋಡಿ ಕೆರೆದುಹಾಕಿ.

ಆದರೆ ಆ ಖಾಲಿ ಜಾಗ ಹಾವು, ಚೇಳಿಗೂ ಇಷ್ಟ. ಸುತ್ತ ಜಾಲರಿ ಕಟ್ಟಿ, ಕೆಳ ಅಂಚು ಜಲ್ಲಿಯೊಳಗೆ ಎರಡಿಂಚು ಇಳಿಯಲಿ. ಒಂದು ಬದಿ ಮಾತ್ರ ಕೊಕ್ಕೆಯಲ್ಲಿ ಬಿಚ್ಚುವಂತಿರಲಿ. ಚೂಪು ತಂತಿಯ ತುದಿಗಳು ಒಳಮುಖ. ಬಾಗಿಲ ಮುಂದೆ ಉಳಿದ ಬ್ಲಾಕುಗಳಲ್ಲಿ ಎರಡು ಜೋಡಿಸಿ ಮೆಟ್ಟಿಲು ಮಾಡಿ, ಇಲ್ಲದಿದ್ದರೆ ಒಂಬತ್ತಿಂಚು ಹತ್ತಬೇಕಾಗುತ್ತೆ. ಸುತ್ತಲಿನ ಜಲ್ಲಿ ಬರಿಗಾಲಿಗೆ ಚುಚ್ಚುತ್ತೆ, ಕೈಗೆ ಸಿಕ್ಕರೆ ಕಿಟಕಿ ಗಾಜಿಗೂ ಹೋಗುತ್ತೆ, ಹಾಗಾಗಿ ಓಡಾಡೋ ಕಡೆ ಚಪ್ಪಡಿ ಕಲ್ಲು ಹಾಸಿಬಿಡಿ.

ಧಾರವಾಡ, ಗದಗ, ವಿಜಯಪುರ ಕಡೆಯ ಎರೆಮಣ್ಣಿನವರು ಇದನ್ನು ಓದುತ್ತಿದ್ದರೆ: ನಾಲ್ಕಿಂಚು ಅಗೆತ ನಿಮಗೆ ಸಾಲದು. ಒಂದಡಿ ತೆಗೆದು, ಗರಸು ತಂದು ನಾಲ್ಕು ನಾಲ್ಕು ಇಂಚಿಗೆ ನೀರು ಹೊಡೆದು ದಿಮ್ಮಸು ಮಾಡಿ, ಅದರ ಮೇಲೆ ಜಲ್ಲಿ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯೋದನ್ನು ತೆಳು ಕಾಂಕ್ರೀಟ್ ತಡೆಯಲಾರದು, ತಾನೇ ಸೀಳುತ್ತೆ. ಬಿಡಿ ಬ್ಲಾಕ್ ಆದರೆ ಡಸ್ಟ್ ಸೇರಿಸಿ ಮತ್ತೆ ಮಟ್ಟ ಮಾಡಬಹುದು.

ಕೊನೆಯದಾಗಿ ಗಾಳಿ. ಏಪ್ರಿಲ್–ಮೇ ಮಳೆಯ ಜೊತೆ ಬರೋ ಬಿರುಗಾಳಿಗೆ ಬ್ಲಾಕಿನ ಮೇಲೆ ಸುಮ್ಮನೆ ಕೂತ ಮನೆ ಸರಿಯುತ್ತೆ, ಪ್ಲಾಸ್ಟಿಕ್ ಮನೆಯಾದರೆ ಹಾರಿ ಪಕ್ಕದ ಕಾಂಪೌಂಡಿಗೆ. 40 ಎಂಎಂ ಎಲ್ ಆಂಗಲ್ ಎರಡೂಮುಕ್ಕಾಲು ಅಡಿಯ ನಾಲ್ಕು ತುಂಡು, ಪೈಪಿನ ಮೂಲೆಗಳಿಗೆ ಒಳಗಡೆ ಅಂಟಿಸಿ ಎರಡಡಿ ನೆಲಕ್ಕೆ ಹೊಡೆದು 8 ಎಂಎಂ ಬೋಲ್ಟ್ ಹಾಕಿ. ಮನೆಯ ತಳವನ್ನೂ ಅದೇ ಪೈಪಿಗೆ ಬೋಲ್ಟ್ ಮಾಡಿಸಿ. ಆಂಗಲಿನ ತಲೆ ತಳದ ಹಲಗೆಗಿಂತ ಕೆಳಗೇ ಇರಲಿ. ಮೊದಲ ಎರಡು ಮೂರು ದೊಡ್ಡ ಮಳೆ ಆದ ಮೇಲೆ ಒಮ್ಮೆ ಟ್ಯೂಬ್ ಲೆವೆಲ್ ಹಿಡಿದು ನೋಡಿ. ಯಾವುದಾದರೂ ಮೂಲೆ ಇಳಿದಿದ್ದರೆ ಬೋಲ್ಟ್ ಸಡಿಲಿಸಿ, ಹಾರೆಯಿಂದ ಮೀಟಿ, ಒಂದು ಬೊಗಸೆ ಡಸ್ಟ್ ತುಂಬಿ ಮತ್ತೆ ಬಿಗಿ ಮಾಡಿ.