ಬರೀ ‘ಹಾಯ್’ ಕಳಿಸಿ ಕಾಯಬೇಡಿ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ಮೂರು ವಾರ ಆಯ್ತು, ಆಫೀಸಿನ ಚಾಟ್ ಆ್ಯಪ್ ಟೀಮ್ಸ್‌ನಲ್ಲಿ ಏನು ಕೇಳಿದರೂ ಯಾರೂ ಉತ್ತರ ಕೊಡಲ್ಲ, ನಾನು ಹೊರಗಿನವನು ಅಂತಲಾ ಸರ್ ಎಂದು ಕೇಳಿದ್ದೀರಿ. ಮೊದಲು ಆ ‘ಸರ್’ ಬಿಡಿ, ಅಣ್ಣ ಅಂದರೆ ಸಾಕು. ಆಫೀಸಿನಲ್ಲೂ ಬಿಡಿ. ಇಲ್ಲಿ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ.

ರಿಜಿಸ್ಟ್ರೇಷನ್, ಡಾಕ್ಟರ್, ಸೈಕಲ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬಿಎಸ್‌ಎನ್, ಅಂದರೆ ಇಲ್ಲಿನ ಸರ್ಕಾರಿ ಗುರುತಿನ ನಂಬರ್, ಇನ್ನೂ ಆಗಿಲ್ಲ ಅಂದರೆ ನಗರಸಭೆಗೆ ಹೋಗಿ ಮಾಡಿಸಿ. ಹುಷಾರು ತಪ್ಪುವ ಮೊದಲೇ ಮನೆ ಹತ್ತಿರದ ಹೌಸ್‌ಆರ್ಟ್ಸ್, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ಬರೆಸಿಡಿ. ಸೈಕಲ್ ಹಳೆಯದೇ ಸಾಕು, ಬೀಗ ಮಾತ್ರ ಎರಡು ಹಾಕಿ.

ಇನ್ನು ಮೆಸೇಜಿನ ವಿಷಯ. ನೀವು ಕಳಿಸಿದ್ದನ್ನು ನೋಡಿದೆ. ‘ಹಾಯ್’, ಆಮೇಲೆ ‘ಹೇಗಿದ್ದೀರಿ’, ಆಮೇಲೆ ‘ಒಂದು ಸಣ್ಣ ಡೌಟ್ ಇತ್ತು’. ಅಷ್ಟೇ. ಇದು ನಿಮ್ಮ ತಪ್ಪಲ್ಲ. ನಮ್ಮ ಕಡೆ ಯಾರ ಮನೆಗೆ ಹೋದರೂ ಬಾಗಿಲಲ್ಲೇ ನಿಂತು ಬಂದ ಕೆಲಸ ಹೇಳುತ್ತೇವಾ? ಕಾಫಿ ಆಗಬೇಕು, ಮಳೆ ಬೆಳೆ ಮಾತಾಗಬೇಕು. ಆದರೆ ಇಲ್ಲಿನವರು ನಿಮ್ಮ ಹಾಯ್ ನೋಡಿ, ವಿಷಯ ಬರಲಿ ಎಂದು ಕಾಯುತ್ತಾರೆ. ನೀವು ಅವರ ಹಾಯ್‌ಗೆ ಕಾಯುತ್ತೀರಿ. ಐದು ಗಂಟೆಗೆ ಅವರು ಸೈಕಲ್ ಹತ್ತಿರುತ್ತಾರೆ.

ಹಾಗಾಗಿ ಒಂದೇ ಮೆಸೇಜಿನಲ್ಲಿ ಪೂರ್ತಿ ಬರೆಯಿರಿ. ನಿಮ್ಮದೇ ವಿಷಯ ತಗೊಳ್ಳಿ. ‘ಗುಡ್ ಮಾರ್ನಿಂಗ್. ನಿನ್ನೆಯಿಂದ ಟೆಸ್ಟ್ ಸರ್ವರ್‌ಗೆ ಲಾಗಿನ್ ಆಗುತ್ತಿಲ್ಲ, ಪರ್ಮಿಷನ್ ಡಿನೈಡ್ ಅಂತ ಬರುತ್ತಿದೆ. ಹೊಸ ಕೀ ಹಾಕಿ ನೋಡಿದೆ, ಬೇರೆ ಮಷೀನಿಂದಲೂ ನೋಡಿದೆ. ಗುರುವಾರ ಮಧ್ಯಾಹ್ನದೊಳಗೆ ಬೇಕು. ಇದನ್ನು ಯಾರು ನೋಡಿಕೊಳ್ಳುತ್ತಾರೆ?’ ಇಷ್ಟು ಸಾಕು. ಎರರ್ ಅನ್ನು ಫೋಟೋ ತೆಗೆದು ಹಾಕಬೇಡಿ, ಅಕ್ಷರದಲ್ಲೇ ಅಂಟಿಸಿ. ಅವರು ಅದನ್ನೇ ಕಾಪಿ ಮಾಡಿ ಹುಡುಕಬಹುದು.

ಒಬ್ಬರಿಗೇ ಗುಟ್ಟಾಗಿ ಕಳಿಸುವ ಬದಲು ಟೀಮಿನ ಚಾನೆಲ್‌ನಲ್ಲಿ ಕೇಳಿ. ಇಲ್ಲಿ ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡುವವರು ಜಾಸ್ತಿ. ಮಕ್ಕಳ ಜೊತೆ ಇರೋಕೆ ಅಂತಲೇ ಅಪ್ಪಂದಿರು ಒಂದು ದಿನ ರಜೆ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಪಾಪಾದಾಖ್, ಅಂದರೆ ಅಪ್ಪನ ದಿನ, ಅಂತ ಹೆಸರೇ ಇದೆ. ಶುಕ್ರವಾರ ಉತ್ತರ ಬರಲಿಲ್ಲ ಅಂದರೆ ಅವರಿಗೆ ನಿಮ್ಮ ಮೇಲೆ ಸಿಟ್ಟು ಅಂತ ಅಲ್ಲ. ಚಾನೆಲ್ ಆದರೆ ಇನ್ನೊಬ್ಬರು ನೋಡುತ್ತಾರೆ. ಕೆಲಸ ಆದಮೇಲೆ ಏನು ಮಾಡಿದ್ದಕ್ಕೆ ಸರಿಹೋಯಿತು ಅಂತ ಅಲ್ಲೇ ಕೆಳಗೆ ಎರಡು ಸಾಲು ಬರೆಯಿರಿ.

ಎಲ್ಲರೆದುರು ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅಂತ ನಿಮಗೆ ಅನಿಸುತ್ತಿದೆ ಅಲ್ವಾ? ನನಗೂ ಹಾಗೇ ಅನಿಸಿತ್ತು.

2017ರ ಮೇ ತಿಂಗಳು. ನಾನು ಬಂದು ಐದು ತಿಂಗಳಾಗಿತ್ತು. ಶಿವಮೊಗ್ಗದಲ್ಲಿ ತಂಗಿಯ ಮದುವೆ. ರಜೆ ಸಿಕ್ಕಿತ್ತು, ಟಿಕೆಟ್ ಆಗಿತ್ತು. ಹೊರಡುವ ಮೊದಲು ಮುಗಿಸಬೇಕಿದ್ದ ಒಂದು ಕೆಲಸ ಅಡ್ಡ ನಿಂತಿತು. ಟೆಸ್ಟ್ ಮಷೀನು ನನ್ನ ಕನೆಕ್ಷನ್ ತಗೊಳ್ಳುತ್ತಿರಲಿಲ್ಲ. ಒಬ್ಬನಿಗೆ ಹಾಯ್ ಕಳಿಸಿದೆ, ಅವನೂ ಹಾಯ್ ಅಂದ. ಮುಂದಕ್ಕೆ ಬರೆಯೋಕೆ ನಾಚಿಕೆಯಾಯಿತು, ‘ಏನಿಲ್ಲ, ಸುಮ್ನೆ’ ಅಂದುಬಿಟ್ಟೆ. ಎಂಟು ದಿನ ರಾತ್ರಿ ಹನ್ನೊಂದರ ತನಕ ಒಬ್ಬನೇ ಕೂತೆ. ಕೆಲಸ ಬಾಕಿ ಬಿಟ್ಟು ಹೋದರೆ ಏನಂದುಕೊಳ್ಳುತ್ತಾರೋ ಅಂತ ಟಿಕೆಟ್ ನಾನೇ ಕ್ಯಾನ್ಸಲ್ ಮಾಡಿದೆ. ಯಾರೂ ಮಾಡು ಅಂದಿರಲಿಲ್ಲ. ಅಪ್ಪನಿಗೆ ಮಾತ್ರ ಆಫೀಸಿನವರು ಬಿಡಲಿಲ್ಲ ಅಂದೆ.

ಮುಹೂರ್ತ ಬೆಳಿಗ್ಗೆ 10:20ಕ್ಕೆ, ಇಲ್ಲಿ 6:50. ಅಡುಗೆಮನೆಯಲ್ಲಿ ಕೂತು ವಾಟ್ಸಾಪ್ ವಿಡಿಯೋದಲ್ಲಿ ನೋಡಿದೆ. ತಂಗಿಯ ಬೊಗಸೆಗೆ ಅರಳು ಸುರಿಯುವುದು ಅಣ್ಣನ ಕೆಲಸ. ಚಿಕ್ಕಪ್ಪನ ಮಗ ಸುರಿದ. ಅವಳು ಒಮ್ಮೆ ತಲೆಯೆತ್ತಿ ಫೋನ್ ಕಡೆ ನೋಡಿದಳು, ಅಷ್ಟರಲ್ಲಿ ಚಿತ್ರ ನಿಂತುಹೋಯಿತು.

ಮರುದಿನ ನನ್ನಿಂದ ಎರಡು ಟೇಬಲ್ ಆಚೆ ಕೂರುವವನು ತಾನಾಗಿಯೇ ಬಂದು ಏನಾಯ್ತು ಅಂದ. ತೋರಿಸಿದೆ. ಕನೆಕ್ಷನ್‌ಗೆ ಬೇಕಾದ ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಹಿಂದಿನ ತಿಂಗಳು ಅವನಿಗೂ ಹೀಗೇ ಆಗಿತ್ತಂತೆ. ಇಪ್ಪತ್ತು ನಿಮಿಷದಲ್ಲಿ ಸರಿಮಾಡಿ, ಯಾಕೆ ಕೇಳಲಿಲ್ಲ ಅಂದ. ಏನು ಹೇಳಬೇಕೋ ತಿಳಿಯಲಿಲ್ಲ. ತಂಗಿಗೆ ಈಗ ಇಬ್ಬರು ಮಕ್ಕಳು. ಅವಳು ಇವತ್ತಿಗೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಮದುವೆಯ ಆಲ್ಬಮ್ ಮಾತ್ರ ನಾನು ಪೂರ್ತಿ ನೋಡಿಲ್ಲ.

ನಾಳೆ ಬೆಳಿಗ್ಗೆ ಆ ಮೆಸೇಜು ಚಾನೆಲ್‌ಗೆ ಹಾಕಿ. ಕಳಿಸುವ ಮುಂಚೆ ನನಗೊಮ್ಮೆ ತೋರಿಸಬೇಕು ಅನಿಸಿದರೆ ತೋರಿಸಿ. ದೀಪಾವಳಿಗೆ ಊರಿಗೆ ಹೋಗಬೇಕು ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಟಿಕೆಟ್ ಆಯ್ತಾ?